ಫೋನ್ ತೆಗೆಸಿದೆವು, ನೆಟ್ ಬಂತು

ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಒಳಗೆ, ಅಡಿಕೆ ತೋಟದ ತಗ್ಗಿನಲ್ಲಿ. ಮೂರು ಕಡೆ ಗುಡ್ಡೆ. ಅಂಗಳದಲ್ಲಿ ಮೊಬೈಲ್ ಹಿಡಿದರೆ ಒಮ್ಮೆ ಕೇರಳದ ಟವರ್, ಇನ್ನೊಮ್ಮೆ ಗಡಿಯಾಚೆಯ ಕರ್ನಾಟಕದ್ದು, ಹೆಚ್ಚು ಹೊತ್ತು ಎರಡೂ ಇಲ್ಲ. 2020ರಲ್ಲಿ ಮಕ್ಕಳು ಆನ್‌ಲೈನ್ ಕ್ಲಾಸಿಗೆ, ನಾನು ಮಂಗಳೂರಿನ ಆಫೀಸಿಗೆ ಲೆಕ್ಕ ಕಳಿಸಲಿಕ್ಕೆ, ಕೊಡೆ ಹಿಡಿದುಕೊಂಡು ಒಂದೇ ಗುಡ್ಡೆ ಹತ್ತಿದ್ದೇವೆ.

ಮನೆಯಲ್ಲಿ ಲ್ಯಾಂಡ್‌ಲೈನ್ ಇತ್ತು. ಅದರಲ್ಲೇ ಬ್ರಾಡ್‌ಬ್ಯಾಂಡ್. ತಾಮ್ರದ ತಂತಿಯಲ್ಲಿ ಎಕ್ಸ್‌ಚೇಂಜ್ ದೂರ ಆದಷ್ಟೂ ವೇಗ ಕಮ್ಮಿ. ನಮಗೆ ಸುಮಾರು ನಾಲ್ಕು ಕಿಲೋಮೀಟರ್. ಒಂದೂವರೆ ಎಂಬಿಪಿಎಸ್ ಸಿಕ್ಕಿದ ದಿನ ಹಬ್ಬ. ಮಳೆ ಶುರುವಾದರೆ ಫೋನಿನಲ್ಲಿ ಗರಗರ, ನೆಟ್ ನಾಪತ್ತೆ. ಎರಡು ಸಲ ಸಿಡಿಲು ತಂತಿಯಲ್ಲೇ ಬಂದು ಮೋಡೆಮ್ ಸುಟ್ಟುಹೋಯಿತು. ಮೇಲಿಂದ ಯಾರೂ ಮಾತಾಡದ ಫೋನಿಗೆ ತಿಂಗಳ ಬಾಡಿಗೆ. ತೆಗೆಸೋಣ ಅಂದರೆ ಅಪ್ಪನದ್ದು ಒಂದೇ ಪ್ರಶ್ನೆ: "ಫೋನ್ ಇಲ್ಲದೆ ನೆಟ್ ಎಲ್ಲಿಂದ ಬರ್ತದೆ?"

ಮೊದಲು ಸಿಮ್ ಹಾಕುವ 4ಜಿ ರೂಟರ್ ತಂದೆ. ಟೆರೇಸಿನಲ್ಲಿ ಜಿಐ ಪೈಪ್ ನಿಲ್ಲಿಸಿ, ತುದಿಗೆ ಆಂಟೆನಾ ಕಟ್ಟಿದೆ. ಸಿಗ್ನಲ್ ಮೈನಸ್ 114ರಿಂದ ಮೈನಸ್ 101ಕ್ಕೆ ಬಂತು. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರ ಬಂದಷ್ಟೂ ಒಳ್ಳೆಯದು. ಬೆಳಿಗ್ಗೆ ಪರವಾಗಿರಲಿಲ್ಲ. ಸಂಜೆ ಊರವರೆಲ್ಲ ಮೊಬೈಲ್ ಹಿಡಿದರೆ ಮುಗಿಯಿತು. ದಿನದ ಡೇಟಾವನ್ನು ಮಗ ಮಧ್ಯಾಹ್ನಕ್ಕೇ ಖಾಲಿ ಮಾಡುತ್ತಿದ್ದ.

ಆಮೇಲೆ ಟಿವಿ ಕೇಬಲಿನ ಹುಡುಗನನ್ನು ಹಿಡಿದೆ. ಮಾರ್ಗದ ಬದಿಯ ಕೇರಳ ವಿದ್ಯುತ್ ಮಂಡಳಿಯ, ಅಂದರೆ ಕೆಎಸ್‌ಇಬಿ ಕಂಬದವರೆಗೆ ಅವರ ಫೈಬರ್ ಬಂದಿತ್ತು. (2023ರ ಜೂನ್ 5ರಂದು ಉದ್ಘಾಟನೆಯಾದ ಕೇರಳ ಸರಕಾರದ ಇಂಟರ್ನೆಟ್ ಜಾಲ ಕೆ-ಫೋನ್ ಕೂಡ ಕೆಎಸ್‌ಇಬಿ ಕಂಬಗಳನ್ನೇ ನಂಬಿದ್ದು. ನಮ್ಮಲ್ಲಿ ಕಂಬ ಇದ್ದ ಕಡೆಗೆ ನೆಟ್ ಅಂತ ಇಟ್ಟುಕೊಳ್ಳಿ.) ಆಧಾರ್ ಕಾಪಿ, ಒಂದು ಫೋಟೋ, ಅಷ್ಟೇ. ಲ್ಯಾಂಡ್‌ಲೈನಿನ ಸುದ್ದಿಯೇ ಇಲ್ಲ. ತಿಂಗಳಿಗೆ 500 ಅಂದ. ಬಿಲ್ ಬಂದದ್ದು 590, ಶೇಕಡಾ 18 ಜಿಎಸ್‌ಟಿ ಸೇರಿ. ಕೇಳುವಾಗಲೇ "ಎಲ್ಲ ಸೇರಿ ಎಷ್ಟು?" ಅಂತ ಕೇಳಬೇಕಿತ್ತು.

ಕಂಬದಿಂದ ಮನೆಗೆ 380 ಮೀಟರ್. ನೂರು ಮೀಟರ್ ಕೇಬಲ್ ಅವರದ್ದು, ಉಳಿದದ್ದಕ್ಕೆ ಮೀಟರಿಗೆ ಎಂಟು ರೂಪಾಯಿಯಂತೆ ನಾನು ಕೊಟ್ಟೆ. ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಬಂದರು. ನಾನು ಮಾಡಿದ ದೊಡ್ಡ ತಪ್ಪು ಅಲ್ಲೇ. ಮೊದಲ ವಾರ ಸೋಗೆ ಬಿದ್ದು ಕೇಬಲ್ ಜೋತುಬಿತ್ತು. ಹೇಗೋ ಎತ್ತಿ ಕಟ್ಟಿದೆವು. ಮಳೆಗಾಲದಲ್ಲಿ ಮದ್ದು ಬಿಡುವ ದಿನ ಸ್ಪ್ರೇ ಪೈಪಿನ ಎಳೆತಕ್ಕೆ ಸಿಕ್ಕಿ ತುಂಡೇ ಆಯಿತು. ಮನೆಯೊಳಗಿನ ಫೈಬರ್ ಮೋಡೆಮಿನ ಡಬ್ಬಿಯಲ್ಲಿ ಕೆಂಪು ದೀಪ ಮಿಣಮಿಣ. ಮರ ಹತ್ತಿದವರನ್ನು ಬೈದು ಏನು ಪ್ರಯೋಜನ? ತೋಟ ಇರುವುದು ಅಡಿಕೆಗೆ.

ಈ ಸಲ ನೆಲದೊಳಗೆ ಹಾಕಿದೆವು. ಸ್ಪ್ರಿಂಕ್ಲರಿಗೆ ಹಾಕುವ ಮುಕ್ಕಾಲು ಇಂಚಿನ ಕಪ್ಪು ಪೈಪ್, ನೂರು ಮೀಟರಿನ ಸುರುಳಿ. ಒಳಗೆ ಕೇಬಲ್ ತೂರಿಸುವುದು ಹೇಗೆ? ದಾರದ ತುದಿಗೆ ಪ್ಲಾಸ್ಟಿಕ್ ಲಕೋಟೆಯ ಚೂರು ಕಟ್ಟಿ ಪೈಪಿನ ಒಂದು ಬಾಯಿಗೆ ಬಿಟ್ಟೆವು. ಇನ್ನೊಂದು ಬಾಯಿಗೆ ವ್ಯಾಕ್ಯೂಮ್ ಕ್ಲೀನರ್ ಇಟ್ಟು ಓಡಿಸಿದೆವು. ಸುಯ್ಯ್ ಅಂತ ದಾರ ಬಂತು. ದಾರಕ್ಕೆ ಹಗ್ಗ, ಹಗ್ಗಕ್ಕೆ ಕೇಬಲ್. ಕಣಿಯ ಬದಿಯಲ್ಲಿ ಒಂದಡಿ ಆಳಕ್ಕೆ ಹೂತೆವು. ಪೈಪಿಗೆ ಕೇಬಲಿಗಿಂತ ಜಾಸ್ತಿ ಖರ್ಚಾಯಿತು. ಆದರೆ ಆಮೇಲೆ ಹೆಗ್ಗಣವೂ ಮುಟ್ಟಲಿಲ್ಲ.

ಜಾಯಿಂಟ್ ಹಾಕಿ ಹುಡುಗ ಫೈಬರಿನ ಬೆಳಕು ಅಳೆಯುವ ಮೀಟರ್ ಇಟ್ಟು ನೋಡಿದ. "ಪವರ್ ಕುರವಾ" (ಪವರ್ ಕಮ್ಮಿ) ಅಂತ ಮಲಯಾಳದಲ್ಲಿ ಗೊಣಗಿ, ಕನ್ನಡದಲ್ಲಿ ಹೇಳಿದ: "ಅಣ್ಣಾ, ಮೈನಸ್ 25. 27 ದಾಟಿದ್ರೆ ಕಷ್ಟ." ಹುಡುಕಿದರೆ, ಬಾಗಿಲ ದಾರಂದದ ಮೂಲೆಯಲ್ಲಿ ಕೇಬಲನ್ನು ನಾನೇ ಅಂದವಾಗಿ ಮಡಚಿ ಮೊಳೆ ಹೊಡೆದಿದ್ದೆ. ಫೈಬರಿನಲ್ಲಿ ಓಡುವುದು ಬೆಳಕು. ಚೂಪಾಗಿ ಮಡಚಿದರೆ ಅಲ್ಲೇ ಸೋರಿಹೋಗುತ್ತದೆ. ಊಟದ ಬಟ್ಟಲಿನಷ್ಟು ಅಗಲಕ್ಕೆ ಸುತ್ತಿ ಬಿಟ್ಟೆವು. ಮೈನಸ್ 21! ನಿಮ್ಮ ಮನೆಗೆ ಬಂದವರ ಹತ್ತಿರವೂ ಈ ನಂಬರ್ ಕೇಳಿ ಬರೆದಿಡಿ. ನಾಳೆ ನೆಟ್ ಕೈಕೊಟ್ಟರೆ ತಾಳೆ ನೋಡಲಿಕ್ಕೆ ಬೇಕು.

ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕೇಬಲಿನ ಜೊತೆ ಉಕ್ಕಿನ ತಂತಿ ಇರುತ್ತದಲ್ವಾ, ಅದನ್ನು ಗೋಡೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿದೆ. ಗುಡುಗಿದರೆ ಅಡಾಪ್ಟರ್ ಪ್ಲಗ್ ಈಗಲೂ ತೆಗೆಯುತ್ತೇನೆ. ಸಿಡಿಲಿಗೆ ಕರೆಂಟಿನ ಲೈನೂ ದಾರಿಯೇ. ಡಬ್ಬಿಗೆ 12 ವೋಲ್ಟ್ ಸಾಕು. ಸಣ್ಣ ಯುಪಿಎಸ್ ಒಂದು ಕೊಂಡಿದ್ದೇನೆ, ಕರೆಂಟ್ ಹೋದರೂ ಮೂರ್ನಾಲ್ಕು ಗಂಟೆ ಓಡುತ್ತದೆ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ವೈಫೈ ಕಾಲಿಂಗಿನಲ್ಲಿ. ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಅದನ್ನು ಆನ್ ಮಾಡಿದರೆ, ಟವರ್ ಇಲ್ಲದಿದ್ದರೂ ಮಾಮೂಲಿ ನಂಬರಿಗೆ ಮಾಮೂಲಿ ಕಾಲ್ ಬರುತ್ತದೆ, ಹೋಗುತ್ತದೆ. ಫೋನೂ ಸಿಮ್ಮಿನ ಕಂಪೆನಿಯೂ ಎರಡೂ ಅದಕ್ಕೆ ಒಗ್ಗುವಂತಿರಬೇಕು. ಅಮ್ಮ ಅಡಿಗೆಮನೆಯಿಂದಲೇ ಮುಂಬಯಿಯ ಅತ್ತೆಗೆ ಮಾತಾಡಿದ ದಿನ ಅಪ್ಪ ಸುಮ್ನೆ ಕೇಳಿಸಿಕೊಂಡರು. ಎರಡು ತಿಂಗಳು ಎರಡನ್ನೂ ಇಟ್ಟುಕೊಂಡು ನೋಡಿ, ಆಮೇಲೆ ಲ್ಯಾಂಡ್‌ಲೈನ್ ಬೇಡವೆಂದು ಅರ್ಜಿ ಬರೆದು, ಸೆಟ್ ಹಿಂದಿರುಗಿಸಿ ರಸೀದಿ ತೆಗೆದುಕೊಂಡೆ.

ಹೊಸ ಡಬ್ಬಿಯಲ್ಲೂ ಫೋನ್ ಸಿಕ್ಕಿಸುವ ತೂತು ಉಂಟು. ಬೇಕಾದರೆ ನಂಬರ್ ಕೊಡುತ್ತೇನೆ ಅಂದ ಹುಡುಗ. "ನಮ್ಮ ಹಳೇ ನಂಬರೇ ಕೊಡ್ತೀಯಾ?" ಅಂತ ಅಪ್ಪ ಕೇಳಿದರು. ಅದಾಗುವುದಿಲ್ಲ ಅಂದ. ಹಾಗಾದರೆ ಬೇಡ ಅಂದರು. ಇರುವೆ ಗೂಡು ಕಟ್ಟುತ್ತದೆ ಅಂತ ಆ ತೂತಿಗೆ ನಾನೊಂದು ತುಂಡು ಟೇಪ್ ಅಂಟಿಸಿದ್ದೇನೆ.