ಮೂರು ತಿಂಗಳು ಬೆನ್ನತ್ತಿದ ಅಲೆ

ಇನ್ಫ್ಲೇಶನ್ ಮೇಲೆ ಪಿಎಚ್‌ಡಿ ಅಂದ್ರೆ (ಬೇಳೆ ರೇಟಿನ ಇನ್ಫ್ಲೇಶನ್ ಅಲ್ಲ, ಬ್ರಹ್ಮಾಂಡ ಶುರುವಲ್ಲೇ ವಿಪರೀತ ಹಿಗ್ಗಿತು ಅನ್ನೋ ಸಿದ್ಧಾಂತ) ಜನ ಏನೋ ದೊಡ್ಡದಾಗಿ ಊಹಿಸ್ಕೊಳ್ತಾರೆ, ನಾನೂ ಸೇರೋವಾಗ ಹಾಗೇ ಅಂದ್ಕೊಂಡಿದ್ದೆ. ಮಾಡಿದ್ದೇನು ಅಂದ್ರೆ 2013ರಲ್ಲಿ ಮೂರು ತಿಂಗಳು ಒಂದು ಗ್ರಾಫಲ್ಲಿ ಕಾಣ್ತಿದ್ದ ಸಣ್ಣ ಅಲೆ ಹಿಂದೆ ಅಲೆದದ್ದು.

ವಿಷಯ ಇಷ್ಟು. ಆಕಾಶದ ಯಾವ ಮೂಲೆಗೆ ತಿರುಗಿದ್ರೂ ಬಿಗ್ ಬ್ಯಾಂಗಿಂದ ಉಳಿದು ಬಂದ ಹಿನ್ನೆಲೆ ವಿಕಿರಣದ ಉಷ್ಣತೆ 2.725 ಕೆಲ್ವಿನ್, ವ್ಯತ್ಯಾಸ ಇದ್ರೆ ಲಕ್ಷಕ್ಕೆ ಒಂದು ಭಾಗದಷ್ಟು. ಮಾಮೂಲಿ ಬಿಗ್ ಬ್ಯಾಂಗ್ ಲೆಕ್ಕದಲ್ಲಿ ಆಕಾಶದ ಎದುರುಬದುರು ತುದಿಗಳ ನಡುವೆ ಬೆಳಕೂ ಓಡಾಡೋಕೆ ಟೈಮ್ ಇರ್ಲಿಲ್ಲ, ಮತ್ತೆ ಇಷ್ಟೊಂದು ಒಂದೇ ಥರ ಹೇಗೆ? 1981ರ ಪೇಪರಲ್ಲಿ ಅಮೆರಿಕದ ಭೌತವಿಜ್ಞಾನಿ ಅಲನ್ ಗುತ್ ಹೇಳಿದ್ದು, ಶುರುವಲ್ಲಿ ಕ್ಷಣದ ಸಣ್ಣ ಚೂರೊಳಗೆ ಎಲ್ಲಾ ವಿಪರೀತ ಹಿಗ್ಗಿತು, ಈಗ ದೂರ ಇರೋವು ಆಗ ಅಕ್ಕಪಕ್ಕದ ಮನೆಯವು ಅಂತ. ಅದಕ್ಕೆ ಒಂದು ವರ್ಷ ಮುಂಚೆ ರಷ್ಯಾದ ವಿಜ್ಞಾನಿ ಸ್ಟಾರೊಬಿನ್ಸ್ಕಿ ಬೇರೆ ದಾರೀಲಿ ಇದೇ ಥರದ ಜಾಗಕ್ಕೆ ಬಂದಿದ್ರು. ಹಿಗ್ಗಿದ್ದು ಎಷ್ಟು ಅಂತ ನಾವು ಇ-ಫೋಲ್ಡಲ್ಲಿ ಎಣಿಸ್ತೀವಿ, ಒಂದು ಇ-ಫೋಲ್ಡ್ ಅಂದ್ರೆ ಸುಮಾರು 2.7 ಪಟ್ಟು ಹಿಗ್ಗೋದು, 60 ಇ-ಫೋಲ್ಡ್ ಅಂದ್ರೆ ಹೆಚ್ಚುಕಮ್ಮಿ 1 ಬರೆದು 26 ಸೊನ್ನೆ ಹಾಕಿದಷ್ಟು ಪಟ್ಟು. ಆ ಹೊತ್ತಿನ ಕ್ವಾಂಟಮ್ ನಡುಕಗಳೇ ಹಿಗ್ಗಿ ಆಮೇಲೆ ಗ್ಯಾಲಕ್ಸಿಗಳಿಗೆ ಬೀಜ ಆದವು.

ಲೆಕ್ಕದಲ್ಲಿ ಇದು ಒಂದು ಫೀಲ್ಡು (ಜಾಗದ ತುಂಬಾ ಹರಡಿ, ಹಿಗ್ಗಿಸೋ ಶಕ್ತಿ ಹೊತ್ತಿರೋದು) ಇಳಿಜಾರಲ್ಲಿ ಇಳಿಯೋ ಕಥೆ. ಜೋನಿಬೆಲ್ಲದೊಳಗೆ ಗೋಲಿ ಬಿಟ್ರೆ ಹೇಗೆ ನಿಧಾನ ಇಳಿಯುತ್ತೆ ಹಾಗೆ, ಬ್ರಹ್ಮಾಂಡ ಹಿಗ್ಗೋದೇ ಇಲ್ಲಿ ಬೆಲ್ಲದ ಅಂಟು. ನನ್ನ ಇಳಿಜಾರು ಅತ್ಯಂತ ಸರಳದ್ದು, ಫೈ ಸ್ಕ್ವೇರ್, ಅಂದ್ರೆ ಫೀಲ್ಡಿನ ಬೆಲೆಯ ವರ್ಗದ ಹಾಗೆ ಏರೋದು. ಕಂಪ್ಯೂಟರಲ್ಲಿ ಫೀಲ್ಡನ್ನ 16 ಪ್ಲಾಂಕ್ ಯೂನಿಟ್ಟಿಂದ (ಫೀಲ್ಡಿನ ಬೆಲೆ ಅಳೆಯೋ ಮಾನ ಅದು) ಬಿಟ್ರೆ ಸುಮಾರು 63 ಇ-ಫೋಲ್ಡ್ ಸಿಗುತ್ತೆ. 2013ರ ಮಾರ್ಚಲ್ಲಿ ಹಿನ್ನೆಲೆ ವಿಕಿರಣ ಅಳೆಯೋ ಪ್ಲಾಂಕ್ ಉಪಗ್ರಹದ ಮೊದಲ ರಿಸಲ್ಟ್ ಬಂತಲ್ಲ, ಅದರಲ್ಲಿ ದೊಡ್ಡ ಕೋನಗಳ ಕಡೆ, ಮಲ್ಟಿಪೋಲ್ (ಆಕಾಶವನ್ನ ಎಷ್ಟು ಸಣ್ಣ ತುಂಡಾಗಿ ನೋಡ್ತೀವಿ ಅನ್ನೋ ಎಣಿಕೆ, ಸಣ್ಣ ಸಂಖ್ಯೆ ಅಂದ್ರೆ ದೊಡ್ಡ ಕೋನ) 20ರಿಂದ 30ರ ಹತ್ರ ಒಂದು ತಗ್ಗು ಕಾಣ್ತಿತ್ತು. ಇಳಿಜಾರಿಗೆ ಒಂದು ಹೊಸ್ತಿಲು ಇಟ್ರೆ ಫೀಲ್ಡು ಅಲ್ಲಿ ಎಡವಿ ಆ ಥರದ ತಗ್ಗು-ಉಬ್ಬು ಬರುತ್ತೆ ಅನ್ನೋದು ಮುಂಚೆಯಿಂದ ಗೊತ್ತಿದ್ದ ಐಡಿಯಾ, ನಾನು ಹೊಸ್ತಿಲಿನ ಆಕಾರ ಬದಲಿಸಿ ನೋಡ್ತಿದ್ದೆ.

ಅಲೆ ಬಂತು! ಆ ನಡುಕಗಳ ಬಲ ತೋರಿಸೋ ಗ್ರಾಫಲ್ಲಿ, ದೊಡ್ಡ ಸ್ಕೇಲಲ್ಲಿ ಶೇಕಡಾ 10ರಷ್ಟು ಏರಿಳಿತ, ಸಣ್ಣ ಸ್ಕೇಲಿಗೆ ಹೋಗ್ತಾ ಹೋಗ್ತಾ ಸತ್ತು ಹೋಗುತ್ತೆ, ಡೇಟಾ ಕೇಳ್ತಿರೋದೇ ಇದು ಅನ್ನಿಸ್ತು. ಗೈಡ್‌ಗೆ ತೋರಿಸಿದ್ರೆ ಅವರು ಟೀ ಕುಡೀತಾ ಕೇಳಿದ್ದು ಒಂದೇ, ಹೊಸ್ತಿಲು ತೆಗೆದು ಓಡಿಸಿದ್ಯಾ?

ಓಡಿಸಿರ್ಲಿಲ್ಲ. ಓಡಿಸ್ದೆ. ಅಲೆ ಸ್ವಲ್ಪ ಇಳೀತು, ಹೋಗ್ಲಿಲ್ಲ.

ಆಗ್ಲಾದ್ರೂ ಸುಮ್ನಿರಬೇಕಿತ್ತು, ಬದಲಿಗೆ ವಾದಕ್ಕೆ ನಿಂತೆ. ಇನ್ಫ್ಲೇಶನ್ ಬೇಕಾದಷ್ಟೇ ಇ-ಫೋಲ್ಡ್ ನಡೆದಿದ್ರೆ ಶುರುವಿನ ಗುರುತು ದೊಡ್ಡ ಸ್ಕೇಲಲ್ಲಿ ಉಳಿದಿರಬಹುದು ಅಂತ ಬರೆದ ಪೇಪರ್‌ಗಳು ನಿಜವಾಗ್ಲೂ ಇವೆ, ಅವನ್ನೆಲ್ಲಾ ಪ್ರಿಂಟ್ ಹಾಕ್ಕೊಂಡು ಹೋಗಿ ಹದಿನೈದು ದಿನ ಅವರ ತಲೆ ತಿಂದೆ. ಕೊನೆಗೆ ಅವರು ಹೇಳಿದ್ರು, 16 ಬಿಟ್ಟು 16.25ರಿಂದ ಶುರು ಮಾಡು, ಮಿಕ್ಕಿದ್ದು ಯಾವ್ದೂ ಮುಟ್ಬೇಡ. ಅಂದ್ರೆ ಎರಡೇ ಎರಡು ಇ-ಫೋಲ್ಡ್ ಮುಂಚೆ. ಹೊಸ್ತಿಲಿಲ್ಲದ ಗ್ರಾಫ್ ಸ್ಲೇಟಿನ ಅಂಚಿನ ಹಾಗೆ ನೇರ ಬಂತು.

ತಪ್ಪು ನನ್ನ ಸೋಮಾರಿತನದ್ದು. ಪ್ರತಿ ತರಂಗವನ್ನೂ ಅದು ಹಬಲ್ ಅಳತೆಗಿಂತ (ಹಿಗ್ಗುವಿಕೆಯ ವೇಗದಿಂದ ಬರೋ ಒಂದು ದೂರ, ಅದರಾಚೆ ತರಂಗ ಹೆಪ್ಪುಗಟ್ಟಿ ನಿಲ್ಲುತ್ತೆ) ತುಂಬಾ ಚಿಕ್ಕದಾಗಿದ್ದಾಗ, ಅಂದ್ರೆ ಸುಮಾರು ನೂರು ಪಟ್ಟು ಒಳಗಿದ್ದಾಗ, ಕ್ವಾಂಟಮ್ ವ್ಯಾಕ್ಯೂಮ್ ಸ್ಥಿತೀಲಿ, ಅಂದ್ರೆ ಅತಿ ಕಮ್ಮಿ ಶಕ್ತಿಯ ಸ್ಥಿತೀಲಿ, ಇಟ್ಟು ಶುರು ಮಾಡ್ಬೇಕು. ನಾನು ಎಲ್ಲಾ ತರಂಗಗಳನ್ನೂ ಒಂದೇ ಗಳಿಗೇಲಿ ಬಿಟ್ಟಿದ್ದೆ, ಉದ್ದದ ತರಂಗಗಳು ಆಗ್ಲೇ ಬಾಗಿಲ ಹತ್ರ ಬಂದಿದ್ವು, ಬರೀ ಮೂರು ಪಟ್ಟು ಒಳಗೆ. ಆ ಮೂರರ ವರ್ಗ ಒಂಬತ್ತು, ದೋಷ ಒಂಬತ್ತರಲ್ಲೊಂದು ಪಾಲಿನಷ್ಟು, ಅದೇ ನನ್ನ ಶೇಕಡಾ 10. ಬ್ರಹ್ಮಾಂಡ ಎಲ್ಲಿ ಶುರುವಾಯ್ತು ಅಂತ ಅಲ್ಲ ಮಾರಾಯ, ನೀನು ರನ್ ಎಲ್ಲಿ ಶುರು ಮಾಡ್ದೆ ಅಂತ ಹೇಳ್ತಿದೆ ನಿನ್ನ ಅಲೆ, ಅಂದ್ರು. ಕೋಡಲ್ಲಿ ಒಂದು ಲೈನ್ ಬದಲಾಯ್ತು. ಹೊಸ್ತಿಲಿಂದ ಬರೋ ನಿಜವಾದ ಅಲೆ ಎಲ್ಲೋ ಶೇಕಡಾ ಎರಡು-ಮೂರು ಉಳೀತು, ಅದರ ಮೇಲೆ ಒಂದು ಸಪ್ಪೆ ಪೇಪರ್ ಬರೆದ್ವಿ.

ಮುಂದಿನ ವರ್ಷ ಮಾರ್ಚ್ 17, ದಕ್ಷಿಣ ಧ್ರುವದ ಬೈಸೆಪ್2 ಟೆಲಿಸ್ಕೋಪಿನವರು ಇನ್ಫ್ಲೇಶನ್ನಿನ ಗುರುತ್ವ ತರಂಗಗಳ ಗುರುತು ಸಿಕ್ತು, ಆರ್ (ನಡುಕಗಳಿಗೆ ಹೋಲಿಸಿದ್ರೆ ಆ ಗುರುತ್ವ ತರಂಗಗಳ ಬಲ ಎಷ್ಟು ಅನ್ನೋ ಅನುಪಾತ) ಬೆಲೆ 0.2 ಅಂತ ಘೋಷಿಸಿದ್ರು. ನಮ್ಮ ಹಾಸ್ಟೆಲಲ್ಲಿ ರಾತ್ರಿ ಯಾರೂ ಮಲಗ್ಲಿಲ್ಲ. ಇನ್ಫ್ಲೇಶನ್ ಸಿದ್ಧಾಂತ ಕಟ್ಟಿದವರಲ್ಲೊಬ್ಬರಾದ ಲಿಂಡೆ ಅವರ ಮನೆ ಬಾಗಿಲಿಗೆ ಶಾಂಪೇನ್ ತಗೊಂಡ್ಹೋದ ವಿಡಿಯೋ ಎಷ್ಟು ಸಲ ನೋಡಿದ್ವೋ. ನನ್ನ ಫೈ ಸ್ಕ್ವೇರ್ ಕೊಡೋ ಬೆಲೆ 0.13, ಹತ್ರಾನೇ ಇತ್ತು, ಹಾಗಾಗಿ ನನಗಂತೂ ಹಬ್ಬ. ಜೊತೆಗೇ ಮನಸ್ಸಲ್ಲಿ, ಇವರು ಎಲ್ಲಿಂದ ಶುರು ಮಾಡಿರ್ತಾರೆ ಅನ್ನೋ ಪ್ರಶ್ನೆನೂ ಸುಳಿದಾಡ್ತಿತ್ತು, ಸುಟ್ಟ ನಾಲಿಗೆ ನೋಡಿ. ಅವರು ನೋಡಿದ್ದು 150 ಗಿಗಾಹರ್ಟ್ಸ್ ಒಂದರಲ್ಲೇ. 2015ರ ಶುರುವಲ್ಲಿ ಪ್ಲಾಂಕ್‌ನ 353 ಗಿಗಾಹರ್ಟ್ಸ್ ಡೇಟಾ (ಅಲ್ಲಿ ಧೂಳು ಜೋರಾಗಿ ಹೊಳೆಯುತ್ತೆ) ಜೊತೆ ಸೇರಿಸಿ ನೋಡಿದ್ರೆ ಸಿಕ್ಕಿದ್ದ ಗುರುತು ಬಹುಪಾಲು ನಮ್ಮದೇ ಗ್ಯಾಲಕ್ಸಿಯ ಧೂಳು. 2021ರಲ್ಲಿ ಆರ್ 0.036ಕ್ಕಿಂತ ಕಮ್ಮಿ ಅಂತಾಯ್ತು, ಫೈ ಸ್ಕ್ವೇರ್ ಕಥೆ ಅಲ್ಲಿಗೆ ಮುಗೀತು, ನನ್ನ ಥೀಸಿಸ್‌ನ ಮುಕ್ಕಾಲು ಪಾಲೂ ಅದರ ಜೊತೆಗೆ.

ಈಗ ಸ್ಟಾರೊಬಿನ್ಸ್ಕಿ ಮಾಡೆಲ್ ಮೇಲಿದ್ದೀನಿ, ಅದು ಹೇಳೋ ಆರ್ 0.003 ಆಸುಪಾಸು. ನೆಮ್ಮದಿಯಾಗಿತ್ತು, ಆದ್ರೆ 2025ರಲ್ಲಿ ಚಿಲಿಯ ಆಟಕಾಮಾ ಟೆಲಿಸ್ಕೋಪಿನವರು ಬೇರೆ ಡೇಟಾ ಜೊತೆ ಸೇರಿಸಿ ಸ್ಪೆಕ್ಟ್ರಲ್ ಇಂಡೆಕ್ಸ್ (ನಡುಕಗಳ ಬಲ ಸ್ಕೇಲಿಂದ ಸ್ಕೇಲಿಗೆ ಹೇಗೆ ಬದಲಾಗುತ್ತೆ ಅನ್ನೋ ಅಳತೆ) 0.974 ಅಂತ ಕೊಟ್ರು, ಪ್ಲಾಂಕ್ ಹೇಳಿದ್ದು 0.965. ನಮ್ಮ ಸೂತ್ರದಲ್ಲಿ ಇದು ಒಂದರಿಂದ ಎರಡು ಭಾಗಿಸು ಇ-ಫೋಲ್ಡ್ ಸಂಖ್ಯೆ ಕಳೆದ್ರೆ ಬರೋದು, 0.974 ಬೇಕಂದ್ರೆ 77 ಇ-ಫೋಲ್ಡ್ ಬೇಕು, ಮಾಮೂಲಿ ಲೆಕ್ಕದಲ್ಲಿ ಅಷ್ಟು ಜಾಗ ಇಲ್ಲ. ಆಮೇಲಿಂದ ಬೆಳಗ್ಗೆ ಹೊಸ ಪೇಪರ್‌ಗಳು ಬರೋ ಆರ್ಕೈವ್ ಸೈಟಿನ ಲಿಸ್ಟ್ ತೆಗೆದ್ರೆ ಇದನ್ನ ಸರಿಮಾಡೋ ಪೇಪರ್‌ಗಳ ಸಾಲು. ನಾನು ರೀಹೀಟಿಂಗ್ (ಇನ್ಫ್ಲೇಶನ್ ಮುಗಿದ್ಮೇಲೆ ಫೀಲ್ಡಿನ ಶಕ್ತಿ ಬಿಸಿ ಕಣಗಳಾಗೋ ಹಂತ) ಭಾಗ ಬದಲಿಸಿ ಓಡಿಸ್ತಿದ್ದೀನಿ, ಮೊನ್ನೆ ಗ್ರಾಫಲ್ಲಿ ಒಂದು ಚಿಕ್ಕ ಉಬ್ಬು ಕಂಡಿದೆ. ಶುರುವಿನ ಜಾಗ ಎರಡು ಇ-ಫೋಲ್ಡ್ ಹಿಂದಕ್ಕೆ ತಳ್ಳಿ ಮತ್ತೆ ಹಾಕಿದ್ದೀನಿ, ರನ್ ಇನ್ನೂ ಮುಗ್ದಿಲ್ಲ.