ಅಮೆರಿಕದಲ್ಲಿ ನರ್ಸಿಂಗ್ ಸೀಟು: ಮೊದಲು ಅಂಕದ ಹಾಳೆ, ಆಮೇಲೆ ಕ್ಲಾಸು

ನರ್ಸ್‌ಗಳ ಕೊರತೆ ಇದೆ ಎಂದು ಅಮೆರಿಕದಲ್ಲಿ ಎಲ್ಲರೂ ಹೇಳುತ್ತಾರೆ, ಆದರೂ ನರ್ಸಿಂಗ್ ಸೀಟಿಗೆ ನೂಕುನುಗ್ಗಲು. ಬಿಎಸ್‌ಎನ್ (ನಾಲ್ಕು ವರ್ಷದ ನರ್ಸಿಂಗ್ ಪದವಿ) ಮತ್ತು ಅದಕ್ಕೂ ಮೇಲಿನ ಕೋರ್ಸ್‌ಗಳಿಗೆ 2021ರಲ್ಲಿ ಬಂದ ಅರ್ಹ ಅರ್ಜಿಗಳಲ್ಲೇ 91,938 ವಾಪಸಾದವು ಎಂದು ಅಮೆರಿಕನ್ ಅಸೋಸಿಯೇಷನ್ ಆಫ್ ಕಾಲೇಜಸ್ ಆಫ್ ನರ್ಸಿಂಗ್ ಲೆಕ್ಕ ಕೊಟ್ಟಿತ್ತು. ಇದು ಅರ್ಜಿಗಳ ಲೆಕ್ಕ, ಜನರದ್ದಲ್ಲ. ಒಬ್ಬರೇ ನಾಲ್ಕು ಕಡೆ ಹಾಕಿರುತ್ತಾರೆ. ಕಲಿಸುವವರು ಸಾಲದು, ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ತರಬೇತಿಗೆ ಜಾಗ ಸಾಲದು, ಹಾಗಾಗಿ ಸೀಟು ಹೆಚ್ಚುವುದಿಲ್ಲ. ಕನಿಷ್ಠ ಅರ್ಹತೆ ಇದ್ದರೆ ಸಾಕು ಎಂದುಕೊಂಡವರು ಸಾಲಿನ ಕೊನೆಯಲ್ಲಿ ಉಳಿಯುತ್ತಾರೆ.

ಯಾವ ದಾರಿ?

ಕಮ್ಯುನಿಟಿ ಕಾಲೇಜಿನ (ಕಡಿಮೆ ಶುಲ್ಕದ ಸ್ಥಳೀಯ ಸರ್ಕಾರಿ ಕಾಲೇಜು) ಎಡಿಎನ್, ಅಂದರೆ ನರ್ಸಿಂಗ್‌ನ ಅಸೋಸಿಯೇಟ್ ಪದವಿ, ಮುಗಿಸಿದವರೂ ವಿಶ್ವವಿದ್ಯಾಲಯದ ಬಿಎಸ್‌ಎನ್ ಮುಗಿಸಿದವರೂ ಬರೆಯುವುದು ಒಂದೇ ಪರೀಕ್ಷೆ, ರಿಜಿಸ್ಟರ್ಡ್ ನರ್ಸ್ (ಆರ್‌ಎನ್) ಲೈಸೆನ್ಸಿನ ಎನ್‌ಕ್ಲೆಕ್ಸ್-ಆರ್‌ಎನ್. ಸಿಗುವ ಲೈಸೆನ್ಸೂ ಒಂದೇ. ಎಡಿಎನ್ ಎರಡು ವರ್ಷ ಎನ್ನುವುದು ಹೆಸರಿಗೆ ಮಾತ್ರ. ಮೊದಲು ಓದಬೇಕಾದ ಪ್ರಿರಿಕ್ವಿಸಿಟ್ ವಿಷಯಗಳಿಗೇ ಒಂದೂವರೆ-ಎರಡು ವರ್ಷ ಹೋಗುತ್ತದೆ. ಖರ್ಚಿನಲ್ಲಿ ಮಾತ್ರ ಅಜಗಜಾಂತರ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಯೂನಿಟ್‌ಗೆ (ವಿಷಯದ ತೂಕ ಅಳೆಯುವ ಲೆಕ್ಕ) 46 ಡಾಲರ್. ಎಡಿಎನ್ ಮುಗಿಸಿ ಕೆಲಸಕ್ಕೆ ಸೇರಿ, ಆಮೇಲೆ ಆನ್‌ಲೈನ್‌ನಲ್ಲಿ ಆರ್‌ಎನ್-ಟು-ಬಿಎಸ್‌ಎನ್ ಓದುವವರು ಬಹಳ. ಯಾವುದೇ ವಿಷಯದಲ್ಲಿ ಪದವಿ ಇದ್ದವರಿಗೆ ಆಕ್ಸಲರೇಟೆಡ್ ಬಿಎಸ್‌ಎನ್ ಕೂಡ ಇದೆ. ಸಾಮಾನ್ಯವಾಗಿ 12ರಿಂದ 18 ತಿಂಗಳು, ಪೂರ್ಣಾವಧಿ. ಜತೆಗೆ ನೌಕರಿ ಮಾಡುವ ಆಸೆ ಇಟ್ಟುಕೊಳ್ಳಬೇಡಿ.

ವಿಶ್ವವಿದ್ಯಾಲಯಗಳಲ್ಲಿ ಒಂದು ಮಾತು ಕೇಳಿ ತಿಳಿದುಕೊಳ್ಳಲೇಬೇಕು: ಕೊಡುತ್ತಿರುವುದು ನೇರ ನರ್ಸಿಂಗ್ ಪ್ರವೇಶವೋ, 'ಪ್ರಿ-ನರ್ಸಿಂಗ್' ಪ್ರವೇಶವೋ? ಎರಡನೆಯದಾದರೆ ಅದು ಸೀಟಲ್ಲ. ಒಂದೆರಡು ವರ್ಷ ಓದಿದ ಮೇಲೆ ಮತ್ತೆ ಅರ್ಜಿ, ಮತ್ತೆ ಸ್ಪರ್ಧೆ. ಆಗ ಸಿಗದಿದ್ದರೆ ವಿಭಾಗ ಬದಲಿಸಬೇಕಾಗುತ್ತದೆ, ಇಲ್ಲವೇ ಕಾಲೇಜು ಬದಲಿಸಬೇಕಾಗುತ್ತದೆ.

ಕೋರ್ಸಿಗೆ ರಾಜ್ಯದ ನರ್ಸಿಂಗ್ ಬೋರ್ಡಿನ ಒಪ್ಪಿಗೆಯ ಜತೆ ಎಸಿಇಎನ್ ಅಥವಾ ಸಿಸಿಎನ್‌ಇ ಎಂಬ ರಾಷ್ಟ್ರಮಟ್ಟದ ಸಂಸ್ಥೆಗಳ ಮಾನ್ಯತೆ ಇದೆಯೇ ನೋಡಿ. ಮಾನ್ಯತೆ ಇಲ್ಲದ ಕಡೆ ಓದಿದರೆ ಮುಂದೆ ಬಿಎಸ್‌ಎನ್, ಎಂಎಸ್‌ಎನ್‌ಗೆ (ಸ್ನಾತಕೋತ್ತರ) ಹೋಗುವಾಗ ಕೆಲವು ಬಾಗಿಲು ಮುಚ್ಚಿರಬಹುದು. ಮೊದಲ ಯತ್ನದಲ್ಲೇ ಎನ್‌ಕ್ಲೆಕ್ಸ್ ಪಾಸಾದವರ ಪ್ರಮಾಣವನ್ನೂ ಕಾಲೇಜುವಾರು ನೋಡಿಕೊಳ್ಳಿ.

ಅಂಕದ ಹಾಳೆ

ಯಾವ ಕ್ಲಾಸಿಗೂ ಹೆಸರು ಬರೆಸುವ ಮುಂಚೆ ಮನಸ್ಸಿನಲ್ಲಿರುವ ಐದಾರು ಕಾಲೇಜುಗಳ ಆಯ್ಕೆ ನಿಯಮ, ಅಂದರೆ ಯಾವುದಕ್ಕೆ ಎಷ್ಟು ಅಂಕ ಎಂದು ಹೇಳುವ ಅಂಕದ ಹಾಳೆ, ಇಳಿಸಿಕೊಂಡು ಪಕ್ಕಪಕ್ಕ ಇಟ್ಟು ಓದಿ. ಒಂದು ಕಾಲೇಜು ಅಂಕ ಕೂಡಿಸಿ ಪಟ್ಟಿ ಮಾಡುತ್ತದೆ, ಇನ್ನೊಂದು ಕನಿಷ್ಠ ಅರ್ಹತೆ ದಾಟಿದವರ ಹೆಸರನ್ನು ಲಾಟರಿ ಎತ್ತುತ್ತದೆ, ಮತ್ತೊಂದರಲ್ಲಿ ವೇಟಿಂಗ್ ಲಿಸ್ಟ್. ಲಾಟರಿ ಕಾಲೇಜಿಗಾಗಿ ಬಿ ಗ್ರೇಡನ್ನು ಎ ಮಾಡಲು ಒದ್ದಾಡುವುದು ವ್ಯರ್ಥ. ಅಂಕದ ಕಾಲೇಜಿನಲ್ಲಿ ಅದೇ ಬಿ ಸೀಟು ತಪ್ಪಿಸಬಹುದು.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳ ಬಹುಮಾನದಂಡ ಪದ್ಧತಿಯನ್ನೇ ತೆಗೆದುಕೊಳ್ಳಿ. ಈಗಾಗಲೇ ಇರುವ ಪದವಿ, ವಿಜ್ಞಾನ ವಿಷಯಗಳ ಜಿಪಿಎ (ಎ ಗೆ 4, ಬಿ ಗೆ 3, ಸಿ ಗೆ 2 ಎಂದು ತೆಗೆದ ಗ್ರೇಡ್ ಸರಾಸರಿ), ಆರೋಗ್ಯ ಕ್ಷೇತ್ರದ ಕೆಲಸ ಅಥವಾ ಸ್ವಯಂಸೇವೆ, ಪ್ರವೇಶ ಪರೀಕ್ಷೆಯ ಸ್ಕೋರು, ಜೀವನದ ಕಷ್ಟಗಳು (ಕಡಿಮೆ ಆದಾಯ, ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು, ಅಂಗವೈಕಲ್ಯ, ಮಾಜಿ ಸೈನಿಕರು), ಇವಕ್ಕೆಲ್ಲ ಅಂಕ ಇದೆ. ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಲ್ಲವರಿಗೂ ಇದೆ. ಆ ನಿಯಮದಲ್ಲಿ ಹೆಸರಿಸಿದ ಭಾಷೆಗಳ ಸಾಲಿನಲ್ಲಿ ಭಾರತ ಉಪಖಂಡದ ಭಾಷೆಗಳೂ ಸೇರಿವೆ. ಅಂದರೆ ಕನ್ನಡಕ್ಕೂ ಅಂಕ ಉಂಟು! ಅದಕ್ಕೆ ಯಾವ ದಾಖಲೆ ಬೇಕು ಎಂಬುದು ಕಾಲೇಜಿಂದ ಕಾಲೇಜಿಗೆ ಬೇರೆ. ಅಡ್ಮಿಷನ್ ಕಚೇರಿಗೆ ಇಮೇಲ್ ಬರೆದು, ಉತ್ತರವನ್ನು ಲಿಖಿತವಾಗಿಯೇ ಪಡೆಯಿರಿ.

ಜಿಪಿಎಯ ಲೆಕ್ಕ

ಸಾಮಾನ್ಯವಾಗಿ ಕೇಳುವ ವಿಷಯಗಳು: ಲ್ಯಾಬ್ ಸಮೇತ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ, ಜತೆಗೆ ಇಂಗ್ಲಿಷ್ ಕಾಂಪೊಸಿಷನ್, ಸ್ಟ್ಯಾಟಿಸ್ಟಿಕ್ಸ್, ಸೈಕಾಲಜಿ. ಕೆಲವು ಕಡೆ ಕೆಮಿಸ್ಟ್ರಿಯೂ ಬೇಕು. ಸೀಟು ತೀರ್ಮಾನವಾಗುವುದು ಬಹುಮಟ್ಟಿಗೆ ಮೊದಲ ಮೂರರಲ್ಲಿ.

ಯಾಕೆಂದರೆ ಒಟ್ಟು ಜಿಪಿಎ ಆನೆಯಂತೆ, ತಳ್ಳಿದರೂ ಅಲುಗುವುದಿಲ್ಲ. ಹಿಂದೆ 60 ಯೂನಿಟ್ ಓದಿ 2.8 ತೆಗೆದವರು ಈಗ 12 ಯೂನಿಟ್ ವಿಜ್ಞಾನದಲ್ಲಿ ಎಲ್ಲಾ ಎ ತೆಗೆದರೂ ಒಟ್ಟು ಜಿಪಿಎ ಸರಿಯಾಗಿ 3.0 ಆಗುತ್ತದೆ, ಅಷ್ಟೇ. ಅವರ ವಿಜ್ಞಾನ ಜಿಪಿಎ ಮಾತ್ರ 4.0. ಇಂಥವರು ವಿಜ್ಞಾನ ಜಿಪಿಎಗೆ ಹೆಚ್ಚು ತೂಕ ಕೊಡುವ ಕಾಲೇಜುಗಳನ್ನೇ ಆರಿಸಬೇಕು. ಆದರೆ ಅದೇ ಸಣ್ಣ ಲೆಕ್ಕ ಕೆಳಕ್ಕೂ ಬೇಗ ಜಾರುತ್ತದೆ: ಸಮ ಯೂನಿಟ್‌ನ ಮೂರು ವಿಷಯಗಳಲ್ಲಿ ಎರಡು ಎ, ಒಂದು ಸಿ ಬಂದರೆ 3.33.

ಸಿ ಬಂದರೆ ಮತ್ತೆ ಓದಿದರಾಯಿತು ಎನ್ನುವಂತಿಲ್ಲ. ಪಾಸಾದ ವಿಷಯವನ್ನು ಪುನಃ ಓದಲು ಹಲವು ಕಾಲೇಜುಗಳು ಬಿಡುವುದಿಲ್ಲ. ಕ್ಯಾಲಿಫೋರ್ನಿಯಾದ 'ಚಾನ್ಸಲರ್ಸ್ ಫಾರ್ಮುಲಾ' ಎಂಬ ಆಯ್ಕೆ ಸೂತ್ರ ಬಳಸುವ ಕಡೆ ಮೂಲ ಜೀವಶಾಸ್ತ್ರ ವಿಷಯಗಳನ್ನು ಎಷ್ಟು ಸಲ ಪುನರಾವರ್ತಿಸಿದ್ದೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ, ನಡುವೆ ಬಿಟ್ಟು ಡಬ್ಲ್ಯೂ (ವಿಷಯ ಬಿಟ್ಟರು ಎಂಬ ದಾಖಲೆ) ಬಿದ್ದದ್ದೂ ಸೇರಿ. ಹಾಗಾಗಿ ಒಂದು ಸೆಮಿಸ್ಟರ್‌ಗೆ ಲ್ಯಾಬ್ ಇರುವ ವಿಷಯ ಒಂದೇ ಇಟ್ಟುಕೊಳ್ಳಿ, ಕೆಲಸಕ್ಕೆ ಹೋಗುವವರಂತೂ ಖಂಡಿತ. ಮೊದಲ ಲ್ಯಾಬ್ ಪರೀಕ್ಷೆ ಕೆಟ್ಟರೆ ಡಬ್ಲ್ಯೂ ಇಲ್ಲದೆ ಬಿಡುವ ಕೊನೆಯ ದಿನ ಯಾವುದು ಎಂದು ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿರಬೇಕು. ಆ ಗಡುವು ಸೆಮಿಸ್ಟರ್ ಶುರುವಾದ ಕೆಲವೇ ವಾರಗಳಲ್ಲಿ ಮುಗಿದುಹೋಗುತ್ತದೆ.

ಇನ್ನೆರಡು ಗುಂಡಿಗಳಿವೆ. ಅನಾಟಮಿ ಮತ್ತು ಫಿಸಿಯಾಲಜಿ ಕೆಲವು ಕಡೆ ಬೇರೆ ಬೇರೆ ವಿಷಯ, ಕೆಲವು ಕಡೆ ಎರಡನ್ನೂ ಬೆರೆಸಿ ಒಂದು-ಎರಡು ಎಂದು ಭಾಗ ಮಾಡಿರುತ್ತಾರೆ. ಬೆರೆಸಿದ್ದರ ಒಂದು ಭಾಗ ಒಂದು ಕಾಲೇಜಿನಲ್ಲಿ ಓದಿ ಇನ್ನೊಂದಕ್ಕೆ ಹಾರಿದರೆ ಎರಡೂ ಕಡೆ ಲೆಕ್ಕಕ್ಕೆ ಸಿಗದೆ ಹೋಗಬಹುದು. ಮತ್ತೊಂದು, ವಿಜ್ಞಾನ ವಿಷಯಗಳಿಗೆ ಹಲವೆಡೆ ಐದು ಅಥವಾ ಏಳು ವರ್ಷದ ವಾಯಿದೆ. ಅನಾಟಮಿ ಮುಗಿಸಿ ಮಗು ದೊಡ್ಡದಾಗಲಿ ಎಂದು ಕಾದವರು ವಾಪಸ್ ಬರುವಷ್ಟರಲ್ಲಿ ಅದು ಹಳತಾಗಿರುತ್ತದೆ.

ಟೀಸ್

ಹೆಚ್ಚು ಕಡೆ ಕೇಳುವ ಪ್ರವೇಶ ಪರೀಕ್ಷೆ ಎಟಿಐ ಸಂಸ್ಥೆಯ ಟೀಸ್ ಅಥವಾ ಎಲ್ಸೆವಿಯರ್‌ನ ಹೆಸಿ ಎ2. ಒಂದಕ್ಕೆ ಓದಿದವರು ಇನ್ನೊಂದನ್ನು ಕೇಳುವ ಕಾಲೇಜಿಗೆ ಅರ್ಜಿ ಹಾಕಿದರೆ ಆ ಸ್ಕೋರು ಕೆಲಸಕ್ಕೆ ಬಾರದು. ಈಗಿನ ಟೀಸ್‌ನಲ್ಲಿ 170 ಪ್ರಶ್ನೆ, 209 ನಿಮಿಷ: ರೀಡಿಂಗ್ 45 ಪ್ರಶ್ನೆಗೆ 55 ನಿಮಿಷ, ಗಣಿತ 38ಕ್ಕೆ 57, ವಿಜ್ಞಾನ 50ಕ್ಕೆ 60, ಇಂಗ್ಲಿಷ್ 37ಕ್ಕೆ 37. ಇವುಗಳಲ್ಲಿ 20 ಪ್ರಶ್ನೆಗೆ ಅಂಕ ಇಲ್ಲ, ಆದರೆ ಯಾವುವೆಂದು ಗೊತ್ತಾಗುವುದಿಲ್ಲ. ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜುಗಳಲ್ಲಿ ಪಾಸಿಗೆ 62 ಶೇಕಡಾ. ಸೀಟಿಗೆ ಅದು ಸಾಲದು.

ನಮ್ಮ ಕಡೆಯವರು ಗಣಿತದಲ್ಲಿ ಗೆದ್ದು ಇಂಗ್ಲಿಷಿನಲ್ಲಿ ಸೋಲುವುದುಂಟು. ಪ್ರಶ್ನೆಗೆ ಒಂದೇ ನಿಮಿಷ, ಯೋಚಿಸಲು ಪುರುಸೊತ್ತಿಲ್ಲ. ಕಾಮಾ, ಸೆಮಿಕೋಲನ್, ಸರ್ವನಾಮದ ನಿಯಮಗಳನ್ನು ಬಾಯಿಪಾಠದಂತೆ ಗಟ್ಟಿ ಮಾಡಬೇಕು. ಗಣಿತದಲ್ಲಿ ಕೆಡಿಸುವುದು ಔನ್ಸ್, ಪೌಂಡ್, ಕಪ್‌ಗಳಂಥ ಅಳತೆಗಳು. ವಿಜ್ಞಾನದಲ್ಲಿ ಅತಿ ದೊಡ್ಡ ಪಾಲು ಅನಾಟಮಿ ಮತ್ತು ಫಿಸಿಯಾಲಜಿಯದು. ಹಾಗಾಗಿ ಆ ಎರಡು ಕ್ಲಾಸ್ ಮುಗಿದ ಬೆನ್ನಿಗೇ, ಆರರಿಂದ ಎಂಟು ವಾರ ತಯಾರಿ ಮಾಡಿ ಬರೆಯುವುದು ಲಾಭ. ಎಷ್ಟು ಸಲ ಬರೆಯಬಹುದು, ಮೊದಲ ಸ್ಕೋರು ಮಾತ್ರ ನೋಡುತ್ತಾರೆಯೇ ಎಂಬುದು ಆ ಅಂಕದ ಹಾಳೆಯಲ್ಲೇ ಇರುತ್ತದೆ.

ಅರ್ಜಿ ತಿರಸ್ಕೃತವಾಗುವ ಬಗೆ

ಬಹಳ ಸಲ ಕಾರಣ ಕ್ಷುಲ್ಲಕ: ಓದಿದ ಪ್ರತಿಯೊಂದು ಕಾಲೇಜಿನ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ (ಗ್ರೇಡ್‌ಗಳ ದಾಖಲೆ) ಇಲ್ಲ. ಹದಿನೈದು ವರ್ಷದ ಹಿಂದೆ ಒಂದೇ ಕ್ಲಾಸ್ ಓದಿದ ಕಾಲೇಜಿನದೂ ಬೇಕು. ಭಾರತದ ಪದವಿಗೆ ಡಬ್ಲ್ಯೂಇಎಸ್, ಇಸಿಇಯಂಥ ನೇಸಸ್ (ವಿದೇಶಿ ಪದವಿ ಮೌಲ್ಯಮಾಪಕರ ಒಕ್ಕೂಟ) ಸದಸ್ಯ ಸಂಸ್ಥೆಯಿಂದ ಮೌಲ್ಯಮಾಪನ ಮಾಡಿಸಿ, ಅದೂ ವಿಷಯವಾರು ವರದಿ. ಪದವಿಯನ್ನಷ್ಟೇ ಹೇಳುವ ಅಗ್ಗದ ವರದಿಯನ್ನು ಹಲವು ಕಾಲೇಜುಗಳು ಒಪ್ಪುವುದಿಲ್ಲ. ಅಂಕಪಟ್ಟಿಗಳನ್ನು ವಿಶ್ವವಿದ್ಯಾಲಯದಿಂದ ತರಿಸಲು ತಿಂಗಳುಗಳೇ ಹಿಡಿಯಬಹುದು, ಇದನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ. ಪದವಿಗೆ ಅಂಕ ಸಿಕ್ಕೀತು. ಅಲ್ಲಿ ಓದಿದ ವಿಜ್ಞಾನವನ್ನು ಪ್ರಿರಿಕ್ವಿಸಿಟ್ ಎಂದು ಒಪ್ಪುವ ಕಾಲೇಜುಗಳು ಕಡಿಮೆ.

ಸೀಟು ಬಂದ ಮೇಲೆ

ಹಿನ್ನೆಲೆ ಪರಿಶೀಲನೆ, ಡ್ರಗ್ ಟೆಸ್ಟ್, ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಬಿಎಲ್‌ಎಸ್ (ಜೀವ ಉಳಿಸುವ ತುರ್ತು ಚಿಕಿತ್ಸೆಯ ತರಬೇತಿ) ಕಾರ್ಡ್, ಲಸಿಕೆ ದಾಖಲೆ. ರಾಜ್ಯದಲ್ಲಿ ಗಾಂಜಾ ಕಾನೂನುಬದ್ಧ ಎಂಬ ವಾದ ಇಲ್ಲಿ ನಡೆಯುವುದಿಲ್ಲ, ಫೆಡರಲ್ ಕಾನೂನಿನಲ್ಲಿ ಅದು ಇನ್ನೂ ನಿಷಿದ್ಧ.

ಲಸಿಕೆಯಲ್ಲಿ ಎಡವುವುದು ಹೆಪಟೈಟಿಸ್ ಬಿ. ಮಾಮೂಲಿ ಮೂರು ಡೋಸ್‌ಗೆ ಆರು ತಿಂಗಳು ಬೇಕು, ಆಮೇಲೆ ಒಂದೆರಡು ತಿಂಗಳಿಗೆ ರಕ್ತಪರೀಕ್ಷೆ. ಅರ್ಜಿ ಹಾಕುವ ಹೊತ್ತಿಗೇ ಶುರು ಮಾಡಿ. ತಡವಾಗಿದ್ದರೆ ನಾಲ್ಕು ವಾರದ ಅಂತರದಲ್ಲಿ ಎರಡೇ ಡೋಸ್ ಕೊಡುವ ಹೆಪ್ಲಿಸಾವ್-ಬಿ ಬಗ್ಗೆ ವೈದ್ಯರನ್ನು ಕೇಳಿ. ಚಿಕ್ಕಂದಿನಲ್ಲಿ ಬಿಸಿಜಿ ಹಾಕಿಸಿಕೊಂಡವರಿಗೆ ಟಿಬಿಯ ಚರ್ಮದ ಪರೀಕ್ಷೆ ಸುಳ್ಳೇ ಪಾಸಿಟಿವ್ ಬರಬಹುದು, ಆಮೇಲೆ ಎಕ್ಸ್-ರೇ, ಓಡಾಟ. ಕ್ವಾಂಟಿಫೆರಾನ್‌ನಂಥ ರಕ್ತಪರೀಕ್ಷೆ ಆದೀತೇ ಎಂದು ಮೊದಲೇ ಕೇಳಿ.

ಆಲ್ಟರ್ನೇಟ್ ಪಟ್ಟಿಯಲ್ಲಿ (ಸೀಟು ಖಾಲಿಯಾದರೆ ಕರೆಯುವವರ ಪಟ್ಟಿ) ಹೆಸರಿದ್ದವರೂ ಇವನ್ನೆಲ್ಲ ಮುಗಿಸಿಟ್ಟುಕೊಳ್ಳಬೇಕು. ಯಾರೋ ಬಿಟ್ಟ ಸೀಟು ಕ್ಲಾಸ್ ಶುರುವಾಗುವ ವಾರದಲ್ಲೂ ಖಾಲಿಯಾಗುತ್ತದೆ, ಉತ್ತರಕ್ಕೆ ಒಂದೆರಡು ದಿನ ಮಾತ್ರ ಕೊಡುತ್ತಾರೆ. ಇಮೇಲ್‌ನ ಸ್ಪ್ಯಾಮ್ ಫೋಲ್ಡರ್ ದಿನಾ ನೋಡಿ.