ಗ್ರ್ಯಾಪಲ್‌ಗೆ ಕೊನೆಗೂ ಸರಿಹೋದ ವಾಲ್ವ್

ಸಕಲೇಶಪುರದ ಕಡೆ ನಮ್ಮ ಕಾಫಿ ತೋಟ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಆದ ಮೇಲೆ ಬಿದ್ದಿರುವ ಕೊಂಬೆ, ಸಿಲ್ವರ್ ಓಕ್ ದಿಮ್ಮಿ ಎತ್ತಿ ಹಾಕಲು ಆಳು ಸಿಗೋದು ಎಷ್ಟು ಕಷ್ಟ ಅಂತ ತೋಟದವರಿಗೆ ಹೇಳಬೇಕಾಗಿಲ್ಲ. ಅದಕ್ಕೇ 27 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ನ ಲೋಡರ್‌ಗೆ ಗ್ರ್ಯಾಪಲ್, ಅಂದರೆ ದಿಮ್ಮಿ ಕಚ್ಚಿ ಹಿಡಿಯುವ ಕಬ್ಬಿಣದ ಬಾಯಿ, ಹಾಕಿಸಿದೆ. ಗ್ರ್ಯಾಪಲ್ ನಮ್ಮೂರ ವೆಲ್ಡಿಂಗ್ ಶಾಪ್‌ನಲ್ಲೇ ಆಯಿತು. ಎಣ್ಣೆಯ ಪ್ರೆಷರ್‌ನಿಂದ ಅದರ ಬಾಯಿ ತೆಗೆದು ಮುಚ್ಚುವ ವಾಲ್ವ್ ಯಾವುದು ಅನ್ನೋದರಲ್ಲೇ ಒಂದೂವರೆ ವರ್ಷ ಹೋಯಿತು.

ಟ್ರ್ಯಾಕ್ಟರ್ ಹಿಂಭಾಗದ ಡಿಸಿವಿಯಿಂದ (ಎಣ್ಣೆಯ ದಿಕ್ಕು ಬದಲಿಸುವ ಲಿವರ್ ವಾಲ್ವ್) ಪೈಪ್ ಮುಂದಕ್ಕೆ ಎಳೆದುಬಿಡಿ ಅಂದರು ಎಲ್ಲರೂ. ಎಳೆದೆ. ಹೋಸ್, ಕಪ್ಲರ್ ಸೇರಿ ಒಂಬತ್ತು ಸಾವಿರದ ಹತ್ತಿರ. ಆದರೆ ದಿಮ್ಮಿ ಹಿಡಿಯಬೇಕಾದರೆ ಬಲಗೈ ಲೋಡರ್ ಲಿವರ್ ಬಿಟ್ಟು ಸೀಟಿನ ಪಕ್ಕಕ್ಕೆ ಹೋಗಬೇಕು. ಒಮ್ಮೆ ಇಳಿಜಾರಿನಲ್ಲಿ ದಿಮ್ಮಿ ಜಾರಿ ಎರಡು ರೊಬಸ್ಟಾ ಗಿಡ ಮುರಿಯಿತು. ಗಿಡ ಹೋಗಲಿ, ಅಲ್ಲಿ ಆಳು ನಿಂತಿದ್ದರೆ? ಮರ ಹಿಡಿದಾಗ ಲೋಡರ್ ಲಿವರ್‌ನಿಂದ ಕೈ ತೆಗೆಯುವ ಹಾಗೇ ಇರಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆ.

ಆಮೇಲೆ ಲೋಡರ್ ಲಿವರ್ ಪಕ್ಕದಲ್ಲೇ ಇನ್ನೊಂದು ಒಂಟಿ ವಾಲ್ವ್ ಕೂರಿಸಿದೆವು. ಮೆಕ್ಯಾನಿಕ್ ಲೋಡರ್ ವಾಲ್ವ್‌ನ ಎಣ್ಣೆ ಟ್ಯಾಂಕಿಗೆ ವಾಪಸ್ ಹೋಗುವ ರಿಟರ್ನ್ ಪೋರ್ಟ್‌ನಿಂದಲೇ ಎಣ್ಣೆ ತೆಗೆದು ಇದಕ್ಕೆ ಕೊಟ್ಟರು. ಮುಂದಿನ ವಾಲ್ವ್‌ಗೆ ಹೋಗುವ ಎಣ್ಣೆಯನ್ನು ರಿಟರ್ನ್‌ನಿಂದ ಬೇರೆ ಮಾಡುವ ಪವರ್ ಬಿಯಾಂಡ್ ಸ್ಲೀವ್ ಹಾಕಲಿಲ್ಲ, ನಾನೂ ಕೇಳಲಿಲ್ಲ. ಗ್ರ್ಯಾಪಲ್ ಮುಚ್ಚಿ ಪ್ರೆಷರ್ ಏರಿದ್ದೇ ತಡ, ಮೊದಲ ವಾಲ್ವ್‌ನ ರಿಟರ್ನ್ ಕಡೆಗೂ ಅದೇ ಪ್ರೆಷರ್ ಕೂತಿತು. ಸ್ಪೂಲ್ (ವಾಲ್ವ್ ಒಳಗೆ ಜಾರುವ ಕಡ್ಡಿ) ಸೀಲ್ ಹೊರಗೆ ಬಂತು, ಬಿಸಿ ಎಣ್ಣೆ ನನ್ನ ಪ್ಯಾಂಟಿನ ಮೇಲೆ. ಹದಿನೈದು ಲೀಟರ್ ಮಣ್ಣುಪಾಲು. ಸೀಲ್ ಕಿಟ್, ಎಣ್ಣೆ, ಕೂಲಿ ಸೇರಿ ಇನ್ನೊಂದು ಎಂಟು ಸಾವಿರ.

ಗ್ರ್ಯಾಪಲ್‌ಗೆ ಪ್ರತ್ಯೇಕ ಎಣ್ಣೆ ಲೈನ್ ಕೊಡುವ ಪೂರ್ತಿ ಥರ್ಡ್ ಫಂಕ್ಷನ್ ಕಿಟ್‌ಗೆ ಅರವತ್ತು ಸಾವಿರ ಚಿಲ್ಲರೆ ಹೇಳಿದರು. ಅದರಲ್ಲಿ ಟಿಲ್ಟ್ (ಗ್ರ್ಯಾಪಲ್ ಮೇಲೆ ಕೆಳಗೆ ಬಾಗಿಸುವುದು), ಹಿಡಿತ ಎರಡೂ ಒಟ್ಟಿಗೆ ಆಗುತ್ತವೆ. ನಮ್ಮ ಕೆಲಸಕ್ಕೆ ಅದು ಬೇಕೇ ಇಲ್ಲ. ಮೊದಲು ಹಿಡಿ, ಆಮೇಲೆ ತಿರುಗಿಸು, ಅಷ್ಟೇ ಅಲ್ವಾ?

ಕೊನೆಗೆ ಟಿಲ್ಟ್ ಲೈನಿಗೆ 12 ವೋಲ್ಟ್ ಡೈವರ್ಟರ್ ವಾಲ್ವ್ ಹಾಕಿದೆ. ಲಿವರ್ ತುದಿಯ ಬಟನ್ ಒತ್ತಿ ಟಿಲ್ಟ್ ಕೊಟ್ಟರೆ ಎಣ್ಣೆ ಗ್ರ್ಯಾಪಲ್‌ಗೆ ಹೋಗುತ್ತದೆ, ಬಿಟ್ಟರೆ ಮತ್ತೆ ಟಿಲ್ಟ್‌ಗೆ. ಹತ್ತೊಂಬತ್ತು ಸಾವಿರದಲ್ಲಿ ಮುಗಿಯಿತು. ವಾಲ್ವ್‌ನ ಕಾಯಿಲ್ (ಕರೆಂಟ್ ಹರಿಯುವ ಸುರುಳಿ) ಮೂರು ಆಂಪಿಯರ್ ಎಳೆಯುತ್ತದೆ, ಬಟನ್ ಸುಡಬಾರದು ಅಂತ ರಿಲೇ, ಫ್ಯೂಸ್ ಹಾಕಿದೆ. "ಹಿಡಿತ ನಿಲ್ಲಲ್ಲ ನೋಡು" ಅಂದಿದ್ದರು ಭಾವ. ಮೊದಲ ದಿನ ಅವರ ಮಾತು ನಿಜವೇ ಆಯಿತು. ಕಣದ ತನಕ ಬರುವಷ್ಟರಲ್ಲಿ ಬಾಯಿ ನಾಲ್ಕು ಬೆರಳು ಸಡಿಲ. ವಾಲ್ವ್ ಒಳಗೆ ಎಣ್ಣೆ ಸ್ವಲ್ಪ ಸ್ವಲ್ಪ ಜಾರುತ್ತಿತ್ತು. ಸಿಲಿಂಡರ್ ಮೇಲೇ ಪೈಲಟ್ ಚೆಕ್ ವಾಲ್ವ್ (ಬಾಯಿ ತೆಗೆಯಲು ಪ್ರೆಷರ್ ಕೊಡುವ ತನಕ ಎಣ್ಣೆ ವಾಪಸ್ ಬಿಡದ ವಾಲ್ವ್) ಕೂರಿಸಿದೆ, ಸುಮಾರು ಮೂರು ಸಾವಿರ. ಈಗ ರಾತ್ರಿಯಿಡೀ ಬಿಟ್ಟರೂ ದಿಮ್ಮಿ ಅಲುಗಲ್ಲ. ಭಾವನೇ ಬಂದು ಅಲುಗಾಡಿಸಿ ನೋಡಿದರು.

ಬಾಯಿ ಪಟ್ ಅಂತ ಮುಚ್ಚುತ್ತಿತ್ತು. ಒಂದು ಫಿಟಿಂಗ್ ಒಳಗೆ ಸಣ್ಣ ತೂತಿನ ತಡೆ ಹಾಕಿ ನಿಧಾನ ಮಾಡಿದೆ. ತೂತು ಎಷ್ಟು, ಯಾವ ಕಡೆ ಅನ್ನೋದು ಸದ್ಯಕ್ಕೆ ನನ್ನಲ್ಲೇ ಇರಲಿ, ಆ ತಡೆ ಮಾಡಲು ಹೋಗಿ ಮೂರು ಬೋಲ್ಟು ಹಾಳು ಮಾಡಿ ಕಲಿತದ್ದು.

ಮಧ್ಯೆ ಬಿದಿರು ಮೆಳೆ ಕೀಳಲೂ ನೋಡಿದೆ. ಬುಡ ಬರಲಿಲ್ಲ, ಮುಳ್ಳು ಹೋಸ್ ಸೀಳಿತು. ಈಗ ಹೋಸಿಗೆಲ್ಲ ಹಳೇ ಟೈರ್ ಟ್ಯೂಬ್ ಸುತ್ತಿದ್ದೇನೆ. ಸೋರಿಕೆ ಎಲ್ಲಿದೆ ಅಂತ ಯಾವತ್ತೂ ಬರಿಗೈಲಿ ಸವರಬೇಡಿ, ಆ ಪ್ರೆಷರ್‌ಗೆ ಎಣ್ಣೆ ಚರ್ಮದೊಳಗೇ ನುಗ್ಗುತ್ತದೆ. ನಾನು ರಟ್ಟಿನ ತುಂಡು ಹಿಡಿದು ನೋಡುತ್ತೇನೆ.